ವಿಶ್ವವಿದ್ಯಾಲಯ ನಿಂತ ಜಾಮೀನು

ಪಂಜ ಸೀಮೆಯಲ್ಲಿ ಸಹಕಾರಿ ಸಂಘದ ಸಾಲಕ್ಕೆ ಅರ್ಜಿ ಬರೆಯಹೊರಟವನು ಮೊತ್ತಮೊದಲು ಯೋಚಿಸುವುದು ಜಾಮೀನಿಗೆ ಯಾರು ನಿಂತಾರು ಎಂದು. ಪುತ್ತೂರಿನ ಮೊಳಹಳ್ಳಿ ಶಿವರಾಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಜಿಲ್ಲೆಯಲ್ಲಿ ಸಹಕಾರ ಚಳವಳಿಯನ್ನು ಬೆಳೆಸಿದಂದಿನಿಂದ ನಮ್ಮ ರೈತನಿಗೆ ಈ ಕ್ರಮ ರೂಢಿಯಾಗಿದೆ: ಗುಣ ಬಲ್ಲವನೊಬ್ಬನು ಸಹಿ ಹಾಕಬೇಕು, ಸಾಲಗಾರನು ತಪ್ಪಿದರೆ ಅವನು ತೆರಬೇಕು. ಸಾಗರದಾಚೆಯ ಕೆಲವು ವಿಶ್ವವಿದ್ಯಾಲಯಗಳು ತಮ್ಮಲ್ಲಿ ಓದಿದ ಪರದೇಶದ ತರುಣರಿಗಾಗಿ ಹೀಗೆಯೇ ಜಾಮೀನು ನಿಂತದ್ದುಂಟು. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ಆಲೋಚನೆಯುಳ್ಳ ಮನೆಗಳವರು ಆ ಕಥೆಯನ್ನು ತಿಳಿದಿರುವುದು ಒಳ್ಳೆಯದು.

ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಪಂಜದ ಪಂಚಲಿಂಗೇಶ್ವರನ ಜಾತ್ರೆ ನೋಡುತ್ತ ಬೆಳೆದವನು; ಸುಳ್ಯದಲ್ಲೋ ಪುತ್ತೂರಿನಲ್ಲೋ ಇಂಜಿನಿಯರಿಂಗ್ ಮುಗಿಸಿ, ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವನು. ಒಣ ಅಡಕೆಯಲ್ಲುಳಿದ ತೇವವನ್ನು ಕ್ಷಣದಲ್ಲಿ ಅಳೆಯುವ ಯಂತ್ರವೊಂದು ಅವನ ತಲೆಯಲ್ಲಿದೆ. ಕಂಪೆನಿ ತೆರೆಯಬೇಕೆಂಬ ಹಂಬಲವೂ ಇದೆ. ಆದರೆ ವೀಸಾದ ಕಾನೂನು ಅವನನ್ನು ಕೇಳುವ ಪ್ರಶ್ನೆಯೇ ಬೇರೆ: "ನಿನ್ನ ಯಜಮಾನನಾರು?"

ಓದು ಮುಗಿದ ಮೇಲೆ ಅಲ್ಲಿ ಒಂದು ವರುಷ, ವಿಜ್ಞಾನ ಅಥವಾ ಇಂಜಿನಿಯರಿಂಗ್ ಪದವೀಧರನಾದರೆ ಮತ್ತೆರಡು ವರುಷ, ಕೆಲಸ ಮಾಡಲು ಅವಕಾಶವುಂಟು. ಅನಂತರ ಬೇಕಾಗುವುದು ಎಚ್-1ಬಿ ವೀಸಾ. ಅದಕ್ಕೆ ಅರ್ಜಿ ಹಾಕಬೇಕಾದವನು ಯಜಮಾನ. ವರುಷಕ್ಕೆ ದೊರೆಯುವುದು 85,000. ಅವುಗಳಲ್ಲಿ 20,000 ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ ಮೀಸಲು. ಬೇಡುವವರು ಅದಕ್ಕಿಂತ ಎಷ್ಟೋ ಮಂದಿ. ಆದುದರಿಂದ ಚೀಟಿ ಎತ್ತುತ್ತಾರೆ. ತಾನೇ ಯಜಮಾನ, ತಾನೇ ನೌಕರನಾದವನ ಪಾಡಂತೂ ಬಹುಕಾಲ ತೊಡಕಿನದಾಗಿತ್ತು. 2025ರ ಜನವರಿಯಲ್ಲಿ ಜಾರಿಗೆ ಬಂದ ನಿಯಮವು ಆ ಗಂಟನ್ನು ತುಸು ಸಡಿಲಿಸಿತು. ಚೀಟಿಯ ಅದೃಷ್ಟಪರೀಕ್ಷೆ ಮಾತ್ರ ಉಳಿಯಿತು.

ಇಲ್ಲಿಯೇ ವಿಶ್ವವಿದ್ಯಾಲಯ ಪ್ರವೇಶಿಸುತ್ತದೆ. ಎಚ್-1ಬಿಯ ವಾರ್ಷಿಕ ಮಿತಿ ವಿಶ್ವವಿದ್ಯಾಲಯಗಳಿಗೆ ಅನ್ವಯಿಸುವುದಿಲ್ಲ. 2014ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದವರು ಈ ಕಿಂಡಿಯನ್ನು ಕಂಡು ಒಂದು ಯೋಜನೆ ಹೂಡಿದರು. ಉದ್ದಿಮೆ ತೊಡಗುವ ಪದವೀಧರನನ್ನು ವಿಶ್ವವಿದ್ಯಾಲಯವು ವಾರಕ್ಕೆ ಕೆಲವು ಗಂಟೆಗಳ ಕೆಲಸಕ್ಕೆ, ಉದಾಹರಣೆಗೆ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ನೀಡಲು, ನೇಮಿಸಿಕೊಂಡು ವೀಸಾ ಬೇಡುವುದು. ಅದರ ಜೊತೆಗೇ ಅವನ ಸ್ವಂತ ಕಂಪೆನಿಯೂ ಅರ್ಜಿ ಸಲ್ಲಿಸುವುದು. ಚೀಟಿ ಎತ್ತುವ ಗೊಡವೆಯಿಲ್ಲ. ಕಾನೂನನ್ನು ಮುರಿಯದೆ ಅದರ ಸಂದಿಯಲ್ಲಿ ನುಸುಳಿದ ಈ ಜಾಣ್ಮೆಯನ್ನು ಕಂಡು ನಮ್ಮ ಪಟೇಲರೂ ಶಾನುಭೋಗರೂ ತಲೆದೂಗುತ್ತಿದ್ದರೇನೋ! ಆದರೆ ಗಾಳಿ ಬದಲಾಗುತ್ತಲೇ ಇರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಅಧ್ಯಕ್ಷರು, ಹೊರಗಿನಿಂದ ಬರುವವರ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರು ಶುಲ್ಕವೆಂದು ಘೋಷಿಸಿದರು.

ಬ್ರಿಟನ್ನಿನವರದು ನೇರವಾದ ದಾರಿ. 2012ರ ಏಪ್ರಿಲಿನಲ್ಲಿ ಅವರು ಪದವೀಧರರಿಗೆ ಸಲ್ಲುತ್ತಿದ್ದ ಎರಡು ವರುಷದ ಉದ್ಯೋಗದ ವೀಸಾವನ್ನು ಮುಚ್ಚಿ, ಅದೇ ತಿಂಗಳು ಉದ್ಯಮಿಗಳಾಗಬಯಸುವ ಪದವೀಧರರಿಗಾಗಿ ಬೇರೊಂದು ವೀಸಾ ತೆರೆದರು. ಹುಡುಗನ ಯೋಜನೆ ಗಟ್ಟಿಯಾದುದೆಂದು ವಿಶ್ವವಿದ್ಯಾಲಯವೇ ಬರೆದುಕೊಡಬೇಕು. 2019ರಲ್ಲಿ ಅದರ ಸ್ಥಾನಕ್ಕೆ ಸ್ಟಾರ್ಟ್-ಅಪ್ ವೀಸಾ ಬಂತು. ಅವಧಿ ಎರಡು ವರುಷ, ವಿಸ್ತರಣೆಯಿಲ್ಲ. 2023ರ ಏಪ್ರಿಲಿನಲ್ಲಿ ಅದನ್ನೂ ಹೊಸಬರಿಗೆ ಮುಚ್ಚಿ, ಸಹಿ ಹಾಕುವ ಅಧಿಕಾರವನ್ನು ಸರಕಾರ ಆರಿಸಿದ ಕೆಲವೇ ಸಂಸ್ಥೆಗಳಿಗೆ ವಹಿಸಲಾಯಿತು. ನನಗೆ ಇದು ಸರಿಕಾಣುವುದಿಲ್ಲ. ಹುಡುಗನನ್ನು ವರುಷಗಟ್ಟಲೆ ಕಂಡ ಅಧ್ಯಾಪಕರಿಗಿಂತ ಅವನ ಕಾಗದಪತ್ರಗಳನ್ನಷ್ಟೇ ಕಂಡವರು ಒಳ್ಳೆಯ ಜಾಮೀನುದಾರರೆ?

ಅವಧಿಯದೂ ಒಂದು ಮಾತಿದೆ. ಉತ್ತರ ಕರ್ನಾಟಕದ ಗುರುರಾಜ ದೇಶಪಾಂಡೆಯವರು ಮದರಾಸಿನ ಐಐಟಿಯಲ್ಲಿ 1973ರಲ್ಲಿ ಪದವಿ ಪಡೆದು ಕೆನಡಾಕ್ಕೆ ಓದಲು ಹೋದರು. ಡಾಕ್ಟರೇಟು, ಅಧ್ಯಾಪನ, ಮೋಟೊರೋಲಾಕ್ಕೆ ಸೇರಿದ ಕಂಪೆನಿಯೊಂದರಲ್ಲಿ ನೌಕರಿ, ಬಾಸ್ಟನ್ನಿಗೆ ವಲಸೆ, ಮೊದಲು ಕೈಹಾಕಿದ ಉದ್ದಿಮೆಯಿಂದ ನಿರ್ಗಮನ—ಇಷ್ಟೆಲ್ಲ ಆದ ಬಳಿಕ, 1990ರಲ್ಲಿ, ಅವರಿಗೆ ಹೆಸರು ತಂದ ಕ್ಯಾಸ್ಕೇಡ್ ಕಂಪೆನಿ ಹುಟ್ಟಿತು. ಹೋದಂದಿನಿಂದ ಹದಿನೇಳು ವರುಷ! ಅವರು ಮುಂದೆ ಎಂಐಟಿಯಲ್ಲಿ, ಪ್ರಯೋಗಶಾಲೆಯ ಶೋಧಗಳನ್ನು ಮಾರುಕಟ್ಟೆಗೆ ಮುಟ್ಟಿಸುವ ಕೇಂದ್ರವೊಂದಕ್ಕೆ ಧನವಿತ್ತರು. ಅಡಕೆ ಸಸಿಯೇ ಫಸಲು ಕೊಡಲು ಐದಾರು ವರುಷ ಬೇಡುವಾಗ, ಕಂಪೆನಿ ಎರಡೇ ವರುಷದಲ್ಲಿ ಕಾಯಿ ಬಿಡಬೇಕೆಂದರೆ ಹೇಗೆ?

ಇನ್ನು ನಮ್ಮ ಕಡೆಯ ಜಾಮೀನು. ಏಳೂವರೆ ಲಕ್ಷ ರೂಪಾಯಿಗೆ ಮೇಲ್ಪಟ್ಟ ವಿದ್ಯಾಭ್ಯಾಸದ ಸಾಲಕ್ಕೆ ಸರಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ಪಂಜದ ಗೃಹಸ್ಥನಿಗೆ ಆಸ್ತಿಯೆಂದರೆ ಅಡಕೆ ತೋಟ. ಸುಳ್ಯ ತಾಲೂಕಿನ ಹಲವೆಡೆ ಹಳದಿ ಎಲೆ ರೋಗವು ತೋಟಗಳನ್ನು ಕೆಡಿಸಿದೆ. ಎಲೆಚುಕ್ಕಿ ರೋಗ ಬೇರೆ ಸೇರಿಕೊಂಡಿದೆ. ಮಗನ ವೀಸಾದ ದಿನಗಳು ಅಲ್ಲಿ ಕರಗುತ್ತಿರುವಾಗ ಇಲ್ಲಿ ತಂದೆ ಅಡಮಾನವಿಟ್ಟ ಮರಗಳ ತಲೆ ಹಳದಿಯಾಗುತ್ತಿರಬಹುದು.

ಆದುದರಿಂದ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವ ಮುನ್ನ ವಿಶ್ವವಿದ್ಯಾಲಯಕ್ಕೊಂದು ಪತ್ರ ಬರೆದು ಕೇಳಬೇಕು: ಉದ್ದಿಮೆ ತೊಡಗುವ ಪರದೇಶದ ವಿದ್ಯಾರ್ಥಿಗೆ ನೀವು ವೀಸಾದ ಆಸರೆ ಕೊಡುತ್ತೀರಾ? ಎಷ್ಟು ವರುಷ? ಉದ್ದಿಮೆ ಕೈಗೂಡದಿದ್ದರೆ ಏನು ಗತಿ? ಕೊನೆಯ ಪ್ರಶ್ನೆಗೆ ಅಮೆರಿಕದ ಕಾನೂನಿನಲ್ಲಿ ಒಂದು ಉತ್ತರವುಂಟು. ಎಚ್-1ಬಿ ನೌಕರನನ್ನು ಅವಧಿಗೆ ಮೊದಲೇ ಕೆಲಸದಿಂದ ತೆಗೆದ ಯಜಮಾನನು, ಅವನು ಸ್ವದೇಶಕ್ಕೆ ಮರಳುವ ಪ್ರಯಾಣದ ಖರ್ಚನ್ನು ಕೊಡತಕ್ಕದ್ದು. ಸಾಲದ ಕಂತು ಅದರಲ್ಲಿ ಸೇರಿಲ್ಲ.