ಮೋಟರಿನ ಕಾವಲಿಗೆ ರಿಲೇ ಸೆಟ್ಟಿಂಗ್

ಮೋಟರಿಗೆ ಅಳವಡಿಸಿದ ಪ್ರೊಟೆಕ್ಷನ್ ರಿಲೇ ಮೂರೂ ಫೇಸುಗಳ ಕರೆಂಟನ್ನು ಕರೆಂಟ್ ಟ್ರಾನ್ಸ್‌ಫಾರ್ಮರುಗಳ (ಸಿ.ಟಿ.) ಮೂಲಕ ಸದಾ ಅಳೆಯುತ್ತಿರುತ್ತದೆ. ಮಿತಿ ಮೀರಿದರೆ ಬ್ರೇಕರನ್ನು ಟ್ರಿಪ್ ಮಾಡಿಸುತ್ತದೆ. ಮಿತಿ ಯಾವುದು, ಮೀರಿದ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಹೇಳಿಕೊಡುವುದೇ ಸೆಟ್ಟಿಂಗ್. ಪೂರ್ಣ ಹೊರೆಯಲ್ಲಿ 100 ಆಂಪಿಯರ್ ಎಳೆಯುವ ಇಂಡಕ್ಷನ್ ಮೋಟರು, ಅದಕ್ಕೆ 150 ಆಂಪಿಯರನ್ನು 1 ಆಂಪಿಯರಿಗೆ ಇಳಿಸುವ 150/1 ಸಿ.ಟಿ. ಇದೆ ಎಂದಿಟ್ಟುಕೊಂಡರೆ ಲೆಕ್ಕ ಸ್ಪಷ್ಟವಾಗುತ್ತದೆ.

ಇಂಥ ಮೋಟರು ಶುರುವಾಗುವಾಗ ಸುಮಾರು ಆರು ಪಟ್ಟು, ಅಂದರೆ 600 ಆಂಪಿಯರ್ ಎಳೆಯುತ್ತದೆ. ಮೊದಲ ಕೆಲವು ಆವರ್ತಗಳಲ್ಲಿ ಡಿ.ಸಿ. ಅಂಶವೂ ಬೆರೆತು ಅಲೆ ಇನ್ನೂ ಮೇಲೇರುತ್ತದೆ. ಶಾರ್ಟ್ ಸರ್ಕ್ಯೂಟಿಗೆ ತತ್‌ಕ್ಷಣ ಟ್ರಿಪ್ ಆಗುವ ಮಿತಿ ಇದಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಮೋಟರು ಪ್ರತಿ ಸಲವೂ ಶುರುವಿನಲ್ಲೇ ನಿಂತುಹೋಗುತ್ತದೆ. ಇಲ್ಲಿ 1050 ಆಂಪಿಯರ್ ಸರಿಹೋಗುತ್ತದೆ. ಸಿ.ಟಿ.ಯ ಸೆಕೆಂಡರಿಯಲ್ಲಿ, ಅಂದರೆ ರಿಲೇ ಬದಿಯಲ್ಲಿ, ಅದು 7 ಆಂಪಿಯರ್. 5P10 ವರ್ಗದ ಸಿ.ಟಿ.ಯಾದರೆ ಹತ್ತು ಪಟ್ಟಿನವರೆಗೆ, ಅಂದರೆ 1500 ಆಂಪಿಯರಿನವರೆಗೆ ಅದರ ಅಳತೆಯನ್ನು ನಂಬಬಹುದು. ಬ್ರೇಕರಿನ ಬದಲು ಕಾಂಟ್ಯಾಕ್ಟರ್ ಇದ್ದಲ್ಲಿ ಈ ತತ್‌ಕ್ಷಣದ ಟ್ರಿಪ್ಪನ್ನು ಬಂದ್ ಮಾಡಿ, ಆ ಕೆಲಸವನ್ನು ಫ್ಯೂಸಿಗೆ ಬಿಡುವುದೇ ವಾಡಿಕೆ. ಶಾರ್ಟ್ ಸರ್ಕ್ಯೂಟಿನ ಭಾರೀ ಕರೆಂಟನ್ನು ಕಡಿಯುವ ತಾಕತ್ತು ಕಾಂಟ್ಯಾಕ್ಟರಿಗಿಲ್ಲ.

ಮೋಟರಿಗೆ ವಿದ್ಯುತ್ ತರುವ ಮೇಲಿನ ಫೀಡರಿನ ರಿಲೇಗೂ ಇದೇ ಶಾರ್ಟ್ ಸರ್ಕ್ಯೂಟ್ ಕಾಣುತ್ತದೆ. ಅದು ಅವಸರಪಟ್ಟರೆ ಇಡೀ ಕಾರ್ಖಾನೆ ಕತ್ತಲಾಗುತ್ತದೆ. ಆದ್ದರಿಂದ ಕರೆಂಟು ಹೆಚ್ಚಿದಷ್ಟೂ ಬೇಗ ಟ್ರಿಪ್ ಆಗುವ ಐ.ಡಿ.ಎಂ.ಟಿ. ವಕ್ರರೇಖೆಯನ್ನು ಅದಕ್ಕೆ ಕೊಡುತ್ತಾರೆ. ಸ್ಟಾಂಡರ್ಡ್ ಇನ್ವರ್ಸ್ ರೇಖೆಯಲ್ಲಿ ಸಮಯ ಗುಣಕ 0.1 ಇದ್ದರೆ, ಮಿತಿಯ ಎರಡು ಪಟ್ಟಿಗೆ 1 ಸೆಕೆಂಡು, ಹತ್ತು ಪಟ್ಟಿಗೆ 0.3 ಸೆಕೆಂಡು. ಕೆಳಗಿನ ಬ್ರೇಕರು ತೆರೆದುಕೊಳ್ಳಲು ಈ ಬಿಡುವು ಸಾಕು.

ಮೂರು ಫೇಸುಗಳ ಕರೆಂಟು ಸಮವಿಲ್ಲದ ಅಸಮತೋಲನ ಶಾರ್ಟ್ ಸರ್ಕ್ಯೂಟಿಗಿಂತ ಮೋಸದ ದೋಷ. ಮೋಟರು 50 ಆಂಪಿಯರಿನಲ್ಲಿ ಓಡುತ್ತಿರುವಾಗ ಒಂದು ಫೇಸಿನ ಫ್ಯೂಸ್ ಹೋಯಿತು ಎನ್ನೋಣ. ಮೋಟರು ನಿಲ್ಲುವುದಿಲ್ಲ, ಉಳಿದೆರಡು ಫೇಸುಗಳಲ್ಲಿ ಕರೆಂಟು ಸುಮಾರು 87ಕ್ಕೆ ಏರುತ್ತದೆ. ಓವರ್‌ಲೋಡ್ ಮಿತಿ 105 ಆಂಪಿಯರ್ ಆಗಿದ್ದರೆ ರಿಲೇಗೆ ಯಾವ ದೋಷವೂ ಕಾಣಿಸದು. ಪಂಪ್‌ಸೆಟ್ ಇಟ್ಟ ರೈತರಿಗೆ ಸಿಂಗಲ್ ಫೇಸಿಂಗ್ ಎಂದು ಪರಿಚಿತವಾದ, ಮೋಟರು ಸುಡುವ ತೊಂದರೆ ಇದೇ.

ಸಮವಲ್ಲದ ಮೂರು ಕರೆಂಟುಗಳನ್ನು ಸಮವಾದ ಗುಂಪುಗಳಾಗಿ ಒಡೆದು ನೋಡುವ ಗಣಿತವನ್ನು ಚಾರ್ಲ್ಸ್ ಫೋರ್ಟೆಸ್ಕ್ಯೂ 1918ರಲ್ಲಿ ಮಂಡಿಸಿದರು. ಅವುಗಳಲ್ಲಿ ನೆಗೆಟಿವ್ ಸೀಕ್ವೆನ್ಸ್ ಎಂಬ ಗುಂಪು ರೋಟರಿಗೆ ಎದುರು ದಿಕ್ಕಿನಲ್ಲಿ ತಿರುಗುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಆಗ ರೋಟರಿನಲ್ಲಿ ಸುಮಾರು 100 ಹರ್ಟ್ಸಿನ ಕರೆಂಟು ಹರಿಯುತ್ತದೆ. ಆ ಆವರ್ತನದಲ್ಲಿ ಅದು ಸರಳುಗಳ ಮೇಲ್ಪದರಕ್ಕೇ ಸರಿಯುವುದರಿಂದ ಪ್ರತಿರೋಧ ಹೆಚ್ಚಿ ರೋಟರು ಬೇಗ ಕಾಯುತ್ತದೆ. ಮೇಲಿನ ಉದಾಹರಣೆಯಲ್ಲಿ ಈ ಅಂಶ 87ನ್ನು 1.73ರಿಂದ ಭಾಗಿಸಿದಷ್ಟು, ಅಂದರೆ 50 ಆಂಪಿಯರ್.

ನೆಗೆಟಿವ್ ಸೀಕ್ವೆನ್ಸಿನ ಮಿತಿಯನ್ನು ಪೂರ್ಣ ಹೊರೆಯ ಕರೆಂಟಿನ ಶೇ. 15ರಿಂದ 20ಕ್ಕೆ ಇಟ್ಟು, ಕೆಲವು ಸೆಕೆಂಡು ಕಾಯಿಸುವುದು ಸೂಕ್ತ. ಬೇರೆ ಲೈನಿನ ಶಾರ್ಟ್ ಸರ್ಕ್ಯೂಟಿನಿಂದಲೂ ಕ್ಷಣಕಾಲ ಅಸಮತೋಲನ ಬರುತ್ತದೆ. ಅಷ್ಟಕ್ಕೇ ಮೋಟರು ನಿಲ್ಲಬಾರದು. ಕಾಯುವ ಅವಧಿ ಮೋಟರ್ ತಯಾರಕರು ಹೇಳುವ ತಾಪದ ಮಿತಿಯೊಳಗೇ ಇರಬೇಕು. ಎರಡು ಫೇಸುಗಳ ಸಿ.ಟಿ. ವೈರುಗಳು ಪರಸ್ಪರ ಅದಲುಬದಲಾಗಿದ್ದರೆ ಸಮತೋಲನದಲ್ಲಿರುವ ಕರೆಂಟೆಲ್ಲವೂ ರಿಲೇಗೆ ನೆಗೆಟಿವ್ ಸೀಕ್ವೆನ್ಸ್ ಆಗಿಯೇ ಕಾಣುತ್ತದೆ. ಚಾಲನೆಗೆ ಮುನ್ನ ಸೆಕೆಂಡರಿ ಇಂಜೆಕ್ಷನ್ ಕಿಟ್ಟಿನಿಂದ ಮಿತಿ ಮತ್ತು ಸಮಯವನ್ನು, ಹೊರೆ ಬಂದ ಮೇಲೆ ರಿಲೇ ಪರದೆಯಲ್ಲಿ ಫೇಸ್ ಕ್ರಮವನ್ನು ಪರೀಕ್ಷಿಸಲೇಬೇಕು.