ಬುಡ ಅಗೆದು ನೋಡಿ ಗೊಬ್ಬರ ಹಾಕೋಣ



ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಫಲ ಕೊಡದ ಅಂಜೂರದ ಮರದ ಸಾಮತಿ ಇದೆ. ಒಡೆಯನಿಗೆ ಮರ ಕಡಿಸುವ ಯೋಚನೆ. ತೋಟಗಾರನೋ ಇನ್ನೊಂದು ವರ್ಷದ ಅವಕಾಶ ಬೇಡುತ್ತಾನೆ; ಮೊದಲು ಬುಡ ಅಗೆದು, ಆಮೇಲೆ ಗೊಬ್ಬರ ಹಾಕುವುದು ಅವನ ಕ್ರಮ. ನಾವು ಗೊಬ್ಬರವನ್ನು ನೆನಪಿಟ್ಟುಕೊಂಡು, ಅಗೆದು ನೋಡುವುದನ್ನು ಮರೆತಿದ್ದೇವೆ.

ತಾಳವಾಡಿ ಕಡೆ ಮನೆ ಭೇಟಿಗೆ ಹೋದಾಗ ಹಿರಿಯ ರೈತರೊಬ್ಬರು ತಮ್ಮ ಮುಸುಕಿನ ಜೋಳದ ಹೊಲ ತೋರಿಸಿದರು. "ಸ್ವಾಮಿ, ಎರಡು ಸಲ ಯೂರಿಯಾ ಕೊಟ್ಟಾಯ್ತು. ಆದ್ರೂ ಪೈರು ಏಳ್ತಾ ಇಲ್ಲ. ಸಾಲ ಮಾಡಿ ಇನ್ನೊಂದು ಮೂಟೆ ತರ್ಲಾ?" ಎಂದು ಕೇಳಿದರು. ಎಳೆಯ ಎಲೆಗಳ ನಡುದಿಂಡಿನ ಎರಡೂ ಪಕ್ಕದಲ್ಲಿ ಬಿಳಿ ಪಟ್ಟೆಗಳಿದ್ದವು. ಅದು ಸತು, ಅಂದರೆ ಜಿಂಕ್ ಕೊರತೆಯ ಗುರುತು. ಯೂರಿಯಾ ಕೊಡುವುದು ಸಾರಜನಕವನ್ನು ಮಾತ್ರ. ಎಷ್ಟು ಸುರಿದರೂ ಅದರಿಂದ ಜಿಂಕ್ ಕೊರತೆ ನೀಗದು.

ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ 19ನೇ ಶತಮಾನದಲ್ಲಿ ಪ್ರಚಾರಕ್ಕೆ ತಂದ ನಿಯಮ ಇದೇ: ಯಾವ ಪೋಷಕಾಂಶ ಅತಿ ಕಡಿಮೆಯೋ ಅದೇ ಇಳುವರಿಯನ್ನು ನಿರ್ಧರಿಸುತ್ತದೆ. ಮರದ ಪೀಪಾಯಿಯ ಒಂದು ಹಲಗೆ ಗಿಡ್ಡವಾಗಿದ್ದರೆ ನೀರು ಅಷ್ಟೇ ಮಟ್ಟಕ್ಕೆ ನಿಲ್ಲುತ್ತದೆ.

ಎಲೆಯನ್ನು ಓದಲು ಕಲಿಯೋಣ. ಕೆಳಗಿನ ಹಳೆಯ ಎಲೆ ತುದಿಯಿಂದ ನಡುದಿಂಡಿನ ಉದ್ದಕ್ಕೂ ಹಳದಿಯಾದರೆ ಸಾರಜನಕದ ಕೊರತೆ. ಹಳೆಯ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಷ್ ಕೊರತೆ. ಎಳೆ ಪೈರು ನೇರಳೆಗೆ ತಿರುಗಿದರೆ ಹೆಚ್ಚಾಗಿ ರಂಜಕದ ಕೊರತೆ.

ಆದರೆ ಎಲೆ ಹೇಳುವಷ್ಟರಲ್ಲಿ ಸ್ವಲ್ಪ ನಷ್ಟ ಆಗಿಯೇ ಇರುತ್ತದೆ. ಬಿತ್ತುವ ಮುಂಚೆಯೇ ಮಣ್ಣು ಪರೀಕ್ಷೆ ಮಾಡಿಸುವುದು ಜಾಣತನ. ಹೊಲದ ಹತ್ತು ಹದಿನೈದು ಕಡೆ ಆರು ಅಂಗುಲ ಆಳದವರೆಗಿನ ಮಣ್ಣು ತೆಗೆಯಿರಿ. ಬದು, ಮರದ ನೆರಳು, ತಿಪ್ಪೆಯ ಪಕ್ಕ ಬೇಡ. ಎಲ್ಲವನ್ನೂ ಬೆರೆಸಿ ಅರ್ಧ ಕಿಲೋ ಕೊಟ್ಟರೆ ಸಾಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಜಿಂಕ್, ಬೋರಾನ್ ಸೇರಿ 12 ಅಂಶಗಳ ವಿವರ ಇರುತ್ತದೆ. ನಮ್ಮ ಕಡೆ ಚೀಟಿ ತಮಿಳಿನಲ್ಲಿ ಬಂದರೆ ತಮಿಳು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಮನೆಯ ಲೆಕ್ಕ ಅವರಿಗೂ ತಿಳಿಯಲಿ.

ಜಿಂಕ್ ಕಡಿಮೆ ಇದ್ದರೆ ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟನ್ನು 20 ಕಿಲೋ ಮರಳಿನೊಂದಿಗೆ ಬೆರೆಸಿ ಬಿತ್ತನೆ ಹೊತ್ತಿಗೆ ಎರಚಬೇಕು. ಡಿಎಪಿಯೊಂದಿಗೆ ಬೆರೆಸಬಾರದು, ರಂಜಕದ ಜೊತೆ ಸೇರಿದರೆ ಜಿಂಕ್ ಬೇರಿಗೆ ದಕ್ಕದಂತೆ ಗಟ್ಟಿಯಾಗುತ್ತದೆ. ನಿಂತ ಪೈರಿಗಾದರೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಅದರರ್ಧ ಸುಣ್ಣದ ತಿಳಿ ಸೇರಿಸಿ ಸಿಂಪಡಿಸಿ. ಯೂರಿಯಾವನ್ನು ಒಂದೇ ಸಲ ಸುರಿಯದೆ ಬಿತ್ತುವಾಗ, 25ನೇ ದಿನ, 45ನೇ ದಿನ ಎಂದು ಮೂರು ಕಂತು ಮಾಡಿ. ಕೊಟ್ಟಿಗೆ ಗೊಬ್ಬರವನ್ನಂತೂ ಬಿಡಬೇಡಿ; ಕೊಟ್ಟದ್ದನ್ನು ಮಣ್ಣಿನಲ್ಲಿ ಹಿಡಿದಿಡುವುದು ಅದೇ.

ಆ ಹಿರಿಯರು ಮೂರನೇ ಮೂಟೆ ತರಲಿಲ್ಲ, ಜಿಂಕ್ ಸಿಂಪಡಿಸಿದರು. ಹೋದದ್ದೆಲ್ಲ ಮರಳಲಿಲ್ಲ, ಆದರೆ ಹೊಸ ಎಲೆ ಹಸಿರಾಗಿ ಬಂತು, ಸಾಲವೂ ಬೆಳೆಯಲಿಲ್ಲ.

ಮೇ 15 ರೈತರ ಪಾಲಕರಾದ ಸಂತ ಇಸಿದೋರರ ಹಬ್ಬ. ಅಂದು ಬೀಜಗಳನ್ನು ಆಶೀರ್ವಾದಕ್ಕೆ ತನ್ನಿ. ಅದಕ್ಕೂ ಮುಂಚೆ ಮಣ್ಣನ್ನು ಪರೀಕ್ಷೆಗೆ ಕಳುಹಿಸಿ. ದೇವರು ಕೊಟ್ಟ ಭೂಮಿಗೆ ಏನು ಬೇಕೆಂದು ಕೇಳಿ ತಿಳಿಯುವುದೂ ಒಂದು ಪ್ರಾರ್ಥನೆಯೇ.