ದುಮಗೆತೆಯ ಶಾಲೆ: ಚಿಣ್ಣರಿಂದ ಶುರುವಾದ ವಿಶ್ವವಿದ್ಯಾಲಯ

ಸುಮಾರು ಹತ್ತು ಅಡಿ ಉದ್ದದ ನಾಲ್ಕು ಡೆಸ್ಕು, ಎರಡು ಮೇಜು, ಎರಡು ಕುರ್ಚಿ, ಇಂಗ್ಲಿಷ್ ಓದಿನ ಕೆಲವು ಪುಸ್ತಕ, ಒಂದಷ್ಟು ಭೂಗೋಳ, ಒಂದಷ್ಟು ಲೆಕ್ಕ. ಫಿಲಿಪ್ಪೀನ್ಸ್‌ನ ದುಮಗೆತೆ ಎಂಬ ಕಡಲೂರಿನಲ್ಲಿ 1901ರ ಆಗಸ್ಟ್ 28ರಂದು ತೆರೆದ ಶಾಲೆಯ ಒಟ್ಟು ಆಸ್ತಿ ಇಷ್ಟೇ. ಮೊದಲ ದಿನ ಬಂದವರು 15 ಹುಡುಗರು. ಅಮೆರಿಕದ ಪ್ರೆಸ್ಬಿಟೀರಿಯನ್ ಮಿಷನರಿ ಡೇವಿಡ್ ಹಿಬ್ಬರ್ಡ್ ಶಾಲೆಯ ಮುಖ್ಯಸ್ಥರು, ಅವರ ಪತ್ನಿ ಲಾರಾ ಶಿಕ್ಷಕಿ. ಇವತ್ತು ಅದೇ ಸಂಸ್ಥೆ ಸಿಲಿಮನ್ ವಿಶ್ವವಿದ್ಯಾಲಯ. ದೊಡ್ಡ ವಿಶ್ವವಿದ್ಯಾಲಯಗಳು ಅನುಕೂಲಕ್ಕೆಂದು ಕೊನೆಯಲ್ಲೊಂದು ಮಕ್ಕಳ ಶಾಲೆ ಸೇರಿಸಿಕೊಳ್ಳುವುದು ರೂಢಿ. ಇಲ್ಲಿ ಮಕ್ಕಳ ಶಾಲೆ ಮೊದಲು ಬಂತು, ವಿಶ್ವವಿದ್ಯಾಲಯ ಆಮೇಲೆ ಬೆಳೆಯಿತು.

ದುಮಗೆತೆ ಇರುವುದು ನೆಗ್ರೋಸ್ ದ್ವೀಪದ ಆಗ್ನೇಯ ಮೂಲೆಯಲ್ಲಿ. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ 1.34 ಲಕ್ಷ. ಮುಂದೆ ಸಮುದ್ರ, ಹಿಂದೆ ತಾಲಿನಿಸ್ ಬೆಟ್ಟ. ಊರೊಳಗೆ ಓಡಾಡಲು ಮೋಟಾರ್ ಬೈಕಿಗೆ ಪಕ್ಕದ ಗಾಡಿ ಜೋಡಿಸಿದ ‘ಪೆಡಿಕ್ಯಾಬ್’. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ತೆಂಗಿನಹಾಲು, ಶುಂಠಿ ಹಾಕಿ ಬೇಯಿಸಿದ ಅಂಟಕ್ಕಿಯ ‘ಪುತೊ ಮಾಯ’, ಅದರ ಜೊತೆಗೆ ಬಿಸಿ ಕೋಕೋ ‘ಸಿಕ್ವಾತೆ’. ಊರು ಚಿಕ್ಕದಾದರೂ ವಿದ್ಯೆಗೆ ಹೆಸರಾದದ್ದು. ಸಿಲಿಮನ್ ಶುರುವಾದ ಮೂರೇ ವರ್ಷಕ್ಕೆ, 1904ರಲ್ಲಿ, ಕ್ಯಾಥೊಲಿಕ್ ಸನ್ಯಾಸಿನಿಯರು ಇಲ್ಲಿ ಸೇಂಟ್ ಪಾಲ್ ಶಾಲೆ ತೆರೆದರು. ಅದೂ ಈಗ ವಿಶ್ವವಿದ್ಯಾಲಯ. 1949ರಲ್ಲಿ ಫೌಂಡೇಶನ್ ವಿಶ್ವವಿದ್ಯಾಲಯ ಹುಟ್ಟಿತು. ತೆರಿಗೆ ದುಡ್ಡಿನ ನೆರವಿಲ್ಲದೆ ತಲೆಯೆತ್ತಿದ ಖಾಸಗಿ ಶಾಲೆಗಳು ಒಂದು ಊರಿನ ಚಹರೆಯನ್ನೇ ಹೇಗೆ ಬದಲಿಸಬಲ್ಲವು ಎಂಬುದಕ್ಕೆ ದುಮಗೆತೆ ಒಳ್ಳೆಯ ಉದಾಹರಣೆ.

ಹತ್ತು ಸಾವಿರ ಡಾಲರ್ ಮತ್ತು ಒಂದು ಭಾಷೆ

ಶಾಲೆಗೆ ಮೂಲಧನ ಕೊಟ್ಟವರು ನ್ಯೂಯಾರ್ಕ್ ರಾಜ್ಯದ ಕೊಹೋಸ್ ಪಟ್ಟಣದ ನಿವೃತ್ತ ವ್ಯಾಪಾರಿ ಹೊರೇಸ್ ಸಿಲಿಮನ್. ಮೊತ್ತ 10,000 ಡಾಲರ್. ಸೆಬು, ಇಲೊಯಿಲೊದಂಥ ದೊಡ್ಡ ಊರುಗಳಲ್ಲಿ ಜಾಗ ಹುಡುಕುತ್ತಿದ್ದ ಹಿಬ್ಬರ್ಡ್ ನಡುವೆ ದುಮಗೆತೆಗೆ ಬಂದರು. ಊರಿನ ಮುಖಂಡ ಮೆಲಿಟನ್ ಲರೇನ ಅವರನ್ನು ಆದರದಿಂದ ಬರಮಾಡಿಕೊಂಡರು. ಜಾಗ ಅಲ್ಲೇ ನಿಶ್ಚಯವಾಯಿತು.

ಆ ವರ್ಷದ ಇನ್ನೆರಡು ದಿನಾಂಕಗಳನ್ನು ಇದರ ಪಕ್ಕ ಇಟ್ಟು ನೋಡಬೇಕು. 1901ರ ಜನವರಿಯಲ್ಲಿ, ಆಗ ಫಿಲಿಪ್ಪೀನ್ಸನ್ನು ಆಳುತ್ತಿದ್ದ ಅಮೆರಿಕದ ಆಡಳಿತ ಕಾಯ್ದೆ ಮಾಡಿ ಸಾರ್ವಜನಿಕ ಶಿಕ್ಷಣ ಇಲಾಖೆಯನ್ನು ಸ್ಥಾಪಿಸಿತು, ಇಂಗ್ಲಿಷನ್ನು ಪಾಠದ ಭಾಷೆ ಮಾಡಿತು. ಆಗಸ್ಟ್ 21ಕ್ಕೆ ‘ಥಾಮಸ್’ ಎಂಬ ಹಡಗು ಐನೂರಕ್ಕೂ ಹೆಚ್ಚು ಅಮೆರಿಕನ್ ಶಿಕ್ಷಕರನ್ನು ಹೊತ್ತು ಮನಿಲಾ ತಲುಪಿತು. ಅದಾಗಿ ಒಂದು ವಾರಕ್ಕೆ ದುಮಗೆತೆಯ ಶಾಲೆ ತೆರೆಯಿತು. ಈ ದ್ವೀಪಗಳ ಮಕ್ಕಳು ಯಾವ ನುಡಿಯಲ್ಲಿ ಕಲಿಯಬೇಕು ಎಂಬ ಪ್ರಶ್ನೆ ಅಂದು ಹುಟ್ಟಿತು, ಇನ್ನೂ ತೀರ್ಮಾನವಾಗಿಲ್ಲ.

ಶಾಲೆ ಕಂಡ ಏಳುಬೀಳು ಕಡಿಮೆಯೇನಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಬಂದಾಗ ಇಲ್ಲಿನ ಕೆಲವು ಅಧ್ಯಾಪಕರು ಬೆಟ್ಟ ಹತ್ತಿ, ಕಾಡಿನಲ್ಲೇ ಪಾಠ ಮುಂದುವರಿಸಿದರು. 1972ರಲ್ಲಿ ಅಧ್ಯಕ್ಷ ಮಾರ್ಕೋಸ್ ಸೇನಾ ಕಾನೂನು ಹೇರಿದಾಗ ಮೊದಲು ಬಾಗಿಲು ಮುಚ್ಚಿಸಿದ ಕ್ಯಾಂಪಸ್‌ಗಳಲ್ಲಿ ಇದೂ ಒಂದು. ಇಂದು ಅಲ್ಲಿನ ಹಳೆಯ ಮರಗಳ ನೆರಳಿನಲ್ಲಿ ಶಿಶುವಿಹಾರದ ಮಕ್ಕಳಿಂದ ಹಿಡಿದು ಸಂಶೋಧನಾ ವಿದ್ಯಾರ್ಥಿಗಳವರೆಗೆ ಎಲ್ಲರೂ ಓಡಾಡುತ್ತಾರೆ. ಅಲ್ಲಿಯವರು ಅಕೇಶಿಯ ಎನ್ನುವ ಆ ಮರ ಬೆಂಗಳೂರಿನ ರಸ್ತೆಗಳ ಮೇಲೆ ಕೊಡೆ ಹಿಡಿದಿರುವ ಅದೇ ಮಳೆಮರ.

ಸೇರಿಸುವಾಗ ಕೇಳುವುದೇನು?

ಫಿಲಿಪ್ಪೀನ್ಸ್‌ನ ಸಂವಿಧಾನದ ಪ್ರಕಾರ ಸರ್ಕಾರಿ ಪ್ರಾಥಮಿಕ ಶಿಕ್ಷಣ ಉಚಿತ. ಆದರೂ ಹೊಟ್ಟೆಬಟ್ಟೆ ಕಟ್ಟಿ ಮಗುವನ್ನು ಖಾಸಗಿ ಶಾಲೆಗೆ ಸೇರಿಸುವ ಕುಟುಂಬಗಳು ಬಹಳ. ಗಲ್ಫಿನಲ್ಲೋ ಹಡಗಿನಲ್ಲೋ ದುಡಿಯುವ ಅಪ್ಪ ಅಮ್ಮ ಕಳಿಸುವ ಹಣದ ಒಂದು ಪಾಲು ಶಾಲೆಯ ಫೀಸಿಗೇ ಹೋಗುತ್ತದೆ.

2012ರ ಕಾಯ್ದೆಯ ನಂತರ ಶಿಶುವಿಹಾರದ ಒಂದು ವರ್ಷ ಕಡ್ಡಾಯ, ಅದನ್ನು ಮುಗಿಸದೆ ಒಂದನೇ ತರಗತಿಗೆ ಪ್ರವೇಶವಿಲ್ಲ. ಶಿಶುವಿಹಾರಕ್ಕೆ ಮಗುವಿಗೆ ಐದು ತುಂಬಿರಬೇಕು. ಕೆಲವು ತಿಂಗಳ ರಿಯಾಯಿತಿಯನ್ನು ಶಿಕ್ಷಣ ಇಲಾಖೆ ಆಗಾಗ ಪ್ರಕಟಿಸುತ್ತದೆ. ಸರ್ಕಾರಿ ಶಾಲೆಗಳು ಈಗ ನಮ್ಮಲ್ಲಿಯಂತೆಯೇ ಜೂನ್‌ನಲ್ಲಿ ತೆರೆಯುತ್ತವೆ. ಖಾಸಗಿ ಶಾಲೆಗಳಿಗೆ ತಮ್ಮದೇ ಕ್ಯಾಲೆಂಡರ್ ಇಟ್ಟುಕೊಳ್ಳಲು ಅವಕಾಶವಿದ್ದು, ಹೆಸರಾಂತ ಶಾಲೆಗಳಲ್ಲಿ ಅರ್ಜಿಯ ಓಡಾಟ ಎಷ್ಟೋ ತಿಂಗಳು ಮೊದಲೇ ಶುರುವಾಗುತ್ತದೆ.

ಮೊದಲು ಬೇಕಾದ ಕಾಗದ ಅಂಕಿಅಂಶ ಪ್ರಾಧಿಕಾರ ಕೊಡುವ ಜನನ ಪ್ರಮಾಣಪತ್ರ. ಅದರಲ್ಲಿ ಮಗುವಿನ ಹೆಸರಿನ ನಡುವೆ ತಾಯಿಯ ತವರಿನ ಮನೆತನದ ಹೆಸರು, ಕೊನೆಗೆ ತಂದೆಯ ಮನೆತನದ ಹೆಸರು ಇರುತ್ತದೆ. ಹಾಜರಿ ಪುಸ್ತಕದಲ್ಲೂ ಅಂಕಪಟ್ಟಿಯಲ್ಲೂ ಅದೇ ಪೂರ್ತಿ ಹೆಸರು ಬರಬೇಕು. ಬೇರೆ ಶಾಲೆಯಿಂದ ಬರುವ ಮಗು ‘ಫಾರ್ಮ್ 138’ ಎಂದು ಎಲ್ಲರೂ ಕರೆಯುವ ಪ್ರಗತಿಪತ್ರ ತರಬೇಕು. ಮಗುವಿನ ಶಾಶ್ವತ ದಾಖಲೆ ‘ಫಾರ್ಮ್ 137’ ಮಾತ್ರ ಒಂದು ಶಾಲೆಯಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತದೆ. ಜೊತೆಗೆ ಸನ್ನಡತೆಯ ಪತ್ರ. ಕ್ಯಾಥೊಲಿಕ್ ಶಾಲೆಯಾದರೆ ಬಹುತೇಕ ಕಡೆ ದೀಕ್ಷಾಸ್ನಾನದ ಪ್ರಮಾಣಪತ್ರವೂ ಬೇಕು. ಪ್ರತಿ ಮಗುವಿಗೂ 12 ಅಂಕಿಗಳ ಒಂದು ಸಂಖ್ಯೆ ಸಿಗುತ್ತದೆ. ಶಿಶುವಿಹಾರದಿಂದ 12ನೇ ತರಗತಿಯವರೆಗೆ, ಯಾವ ಶಾಲೆಗೆ ಹೋದರೂ ಅದೇ ಸಂಖ್ಯೆ.

ಕಾಗದಪತ್ರದ ನಂತರ ಸಂದರ್ಶನ. ಪುಟ್ಟ ಮಕ್ಕಳನ್ನು ಆಟಿಕೆ, ಚಿತ್ರ, ಬಣ್ಣದ ಪೆನ್ಸಿಲ್‌ಗಳ ನಡುವೆ ಕೂರಿಸಿ ಗಮನಿಸುವ ಶಾಲೆಗಳಿವೆ. ಹೇಳಿದ್ದು ತಿಳಿಯುತ್ತದೆಯೇ, ಪೆನ್ಸಿಲ್ ಹಿಡಿಯಲು ಬರುತ್ತದೆಯೇ, ಬೇರೆ ಮಗುವಿನ ಜೊತೆ ಹೊಂದಿಕೊಳ್ಳುತ್ತದೆಯೇ ಎಂದು ನೋಡುತ್ತಾರೆ. ಬರವಣಿಗೆಯ ಪರೀಕ್ಷೆಯನ್ನೇ ಇಡುವ ಶಾಲೆಗಳೂ ಇವೆ. ಮಗುವನ್ನು ತಿಳಿದುಕೊಳ್ಳಲು ಕೇಳುವ ಪ್ರಶ್ನೆ ಬೇರೆ, ಸೋಸಿ ಹೊರಗಿಡಲು ಕೇಳುವ ಪ್ರಶ್ನೆ ಬೇರೆ. ಮೊದಲನೆಯದನ್ನು ಕೇಳುವ ಶಾಲೆಯನ್ನು ನಂಬಬಹುದು. ಐದು ವರ್ಷದ ಕೂಸಿಗೆ ಇಂಗ್ಲಿಷ್ ಮಾತು ಬರಲಿಲ್ಲವೆಂದು ದಡ್ಡ ಎನ್ನುವ ಶಾಲೆ, ಕಟ್ಟಡ ಎಷ್ಟೇ ಚಂದವಿರಲಿ, ಮೊದಲ ಪಾಠದಲ್ಲೇ ತಪ್ಪಿದಂತೆ.

ಫೀಸಿನ ವಿಷಯದಲ್ಲಿ ಅಲ್ಲಿನ ಎರಡು ಕಾನೂನುಗಳು ಗಮನಿಸುವಂಥವು. ಬೋಧನಾ ಶುಲ್ಕ ಏರಿಸಿದರೆ, 1989ರ ಕಾಯ್ದೆಯ ಪ್ರಕಾರ ಏರಿಕೆಯಿಂದ ಬರುವ ಹಣದಲ್ಲಿ 70 ಪ್ರತಿಶತ ಶಿಕ್ಷಕರು, ಸಿಬ್ಬಂದಿಯ ಸಂಬಳ ಸವಲತ್ತಿಗೆ ಹೋಗಬೇಕು, 20 ಪ್ರತಿಶತ ಶಾಲೆಯ ಸೌಕರ್ಯಕ್ಕೆ. 2024ರ ಮಾರ್ಚ್‌ನಲ್ಲಿ ಬಂದ ಇನ್ನೊಂದು ಕಾಯ್ದೆ, ಕಷ್ಟದಲ್ಲಿರುವ ಕುಟುಂಬದ ಮಗುವನ್ನು ಫೀಸು ಬಾಕಿಯ ಕಾರಣಕ್ಕೆ ಪರೀಕ್ಷೆಯಿಂದ ಹೊರಗಿಡುವುದನ್ನು ನಿಷೇಧಿಸಿತು. ಫೀಸು ಕಟ್ಟದ ಮಗುವನ್ನು ಎಲ್ಲರೆದುರು ಎದ್ದು ನಿಲ್ಲಿಸುವುದು ಎಂಥ ಅವಮಾನ ಎಂದು ಬಲ್ಲವರಿಗೆ ಈ ಕಾನೂನಿನ ಬೆಲೆ ಗೊತ್ತು.

ಐದು ವಿಷಯ, ಕಡಿಮೆ ಹೊರೆ

ಪಠ್ಯಕ್ರಮದ ತಳಪಾಯವನ್ನು ಕೇಂದ್ರ ಶಿಕ್ಷಣ ಇಲಾಖೆ ಹಾಕಿಕೊಡುತ್ತದೆ. ಖಾಸಗಿ ಶಾಲೆ ಅದರ ಮೇಲೆ ತನ್ನದನ್ನು ಕಟ್ಟಬಹುದು. ಮಿಷನ್ ಶಾಲೆಗಳಲ್ಲಿ ಧರ್ಮಶಿಕ್ಷಣ, ಅನುಕೂಲವಿರುವಲ್ಲಿ ಸಂಗೀತ, ಕಂಪ್ಯೂಟರ್, ಈಜು. ಆ ತಳಪಾಯ ಗಟ್ಟಿಯಿಲ್ಲ ಎಂದು ದೇಶಕ್ಕೆ ಗೊತ್ತಾದದ್ದು ಅಂತರರಾಷ್ಟ್ರೀಯ ಪರೀಕ್ಷೆಗಳಿಂದ. 2018ರ ‘ಪೀಸಾ’ ಪರೀಕ್ಷೆಯಲ್ಲಿ ಓದುವ ಸಾಮರ್ಥ್ಯದಲ್ಲಿ 79 ದೇಶ, ಪ್ರದೇಶಗಳ ನಡುವೆ ಫಿಲಿಪ್ಪೀನ್ಸ್‌ಗೆ ಕೊನೆಯ ಸ್ಥಾನ. 2019ರ ‘ಟಿಮ್ಸ್’ ಪರೀಕ್ಷೆಯಲ್ಲಿ ನಾಲ್ಕನೇ ತರಗತಿಯ ಗಣಿತ, ವಿಜ್ಞಾನ ಎರಡರಲ್ಲೂ ಕೊನೆಯ ಸ್ಥಾನ.

ಅದಕ್ಕೆ ಸರ್ಕಾರ ಕಂಡುಕೊಂಡ ದಾರಿ 2023ರ ಆಗಸ್ಟ್‌ನಲ್ಲಿ ಪ್ರಕಟವಾದ ‘ಮತತಾಗ್’ ಪಠ್ಯಕ್ರಮ. ಮಕ್ಕಳು ಕಲಿಯಬೇಕಾದ ಅಂಶಗಳ ಪಟ್ಟಿ 11 ಸಾವಿರ ದಾಟಿತ್ತು, ಅದನ್ನು ಸುಮಾರು 3,600ಕ್ಕೆ ಇಳಿಸಿದರು. ಒಂದನೇ ತರಗತಿಗೆ ಈಗ ಐದೇ ವಿಷಯ: ಭಾಷೆ, ಓದು ಬರಹ, ಗಣಿತ, ‘ಮಕಬನ್ಸ’ ಮತ್ತು ನಡೆನುಡಿ. ‘ಮಕಬನ್ಸ’ ಎಂದರೆ ನಾನು, ನನ್ನ ಮನೆ, ನನ್ನ ಶಾಲೆ, ನನ್ನ ಊರು ಎಂದು ಹಂತಹಂತವಾಗಿ ನಾಡಿನ ಕಡೆಗೆ ಹೋಗುವ ಪಾಠ. ವಿಜ್ಞಾನ ಮೂರನೇ ತರಗತಿಯಿಂದ ಶುರು. ಪಾಸಾಗಲು 75 ಅಂಕ ಬೇಕು, 90 ಮುಟ್ಟಿದರೆ ‘ಆನರ್ಸ್’ ಗೌರವ.

ಊರಿನಿಂದ ಶುರುವಾಗುವ ಪಾಠಕ್ಕೆ ದುಮಗೆತೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಸಿಲಿಮನ್‌ನ ಜೀವವಿಜ್ಞಾನಿ ಏಂಜೆಲ್ ಅಲ್ಕಾಲ 1974ರಲ್ಲಿ ಹತ್ತಿರದ ಸುಮಿಲೊನ್ ದ್ವೀಪದ ಹವಳದ ದಿಬ್ಬಗಳಲ್ಲಿ ಮೀನು ಹಿಡಿಯದ ಒಂದು ರಕ್ಷಿತ ವಲಯ ಮಾಡಿಸಿದರು. ಅಪೊ ದ್ವೀಪದಲ್ಲಿ ಬೆಸ್ತರೇ ಮುಂದೆ ನಿಂತು ಅಂಥದ್ದೇ ವಲಯವನ್ನು ಕಾಯುವಂತಾಯಿತು. ಒಂದು ಜಾಗದಲ್ಲಿ ಬಲೆ ಬೀಸದೆ ಬಿಟ್ಟರೆ ಸುತ್ತಲಿನ ನೀರಿನಲ್ಲಿ ಮೀನು ಹೆಚ್ಚುತ್ತದೆ ಎಂಬುದನ್ನು ಅಲ್ಕಾಲ ತೋರಿಸಿಕೊಟ್ಟರು. ಅಲ್ಕಾಲರಿಗೆ 1992ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದರ ಹಿಂದಿನ ವರ್ಷ ಅದೇ ಪ್ರಶಸ್ತಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಸಂದಿತ್ತು. ಒಬ್ಬರದು ಕಡಲು, ಇನ್ನೊಬ್ಬರದು ರಂಗಭೂಮಿ. ಇದ್ದ ಊರಿನಲ್ಲೇ ನೆಲೆನಿಂತು ಊರಿನವರ ಜೊತೆ ಮಾಡಿದ ಕೆಲಸ ಇಬ್ಬರದೂ.

ಆರು ವರ್ಷದ ಮಗು, ನಾಲ್ಕು ಲೆಕ್ಕ

ದುಮಗೆತೆಯ ಮನೆಮಾತು ಸೆಬುವಾನೊ. ಜನ ಅದನ್ನು ಬಿಸಾಯ ಎನ್ನುತ್ತಾರೆ. ಒಂದನೇ ತರಗತಿಯ ಮಗುವಿನ ಬಾಯಲ್ಲಿ ಬರುವ ಎಣಿಕೆಯನ್ನೇ ಕೇಳಿ. ಕೈಯಲ್ಲಿರುವ ಮೂರು ಕಪ್ಪೆಚಿಪ್ಪನ್ನು ‘ಉಸಾ, ದುಹಾ, ತುಲೊ’ ಎಂದು ಎಣಿಸುತ್ತದೆ. ಗಂಟೆ ಎಂಟಾದರೆ ‘ಅಲಾಸ್ ಓತ್ಸೊ’, ಅಂಗಡಿಯಲ್ಲಿ ಐವತ್ತು ಪೆಸೊ ಕೊಡಬೇಕಾದರೆ ‘ಸಿಂಕ್ವೆಂತ’. ಇವೆರಡೂ ಮುನ್ನೂರು ವರ್ಷಕ್ಕೂ ಹೆಚ್ಚು ಆಳಿದ ಸ್ಪೇನಿನಿಂದ ಬಂದವು. ರಾಷ್ಟ್ರಭಾಷೆ ಫಿಲಿಪಿನೊ ಪಾಠದಲ್ಲಿ ‘ಇಸಾ, ದಲವಾ, ತತ್ಲೊ’. ಗಣಿತದ ಪುಸ್ತಕ ತೆರೆದರೆ ‘ಒನ್, ಟೂ, ತ್ರೀ’. ಒಂದೇ ದಿನದಲ್ಲಿ ನಾಲ್ಕು ಲೆಕ್ಕ, ನಾಲ್ಕು ಲೋಕ. ಮಗುವಿಗೆ ಇದರಲ್ಲಿ ಗೊಂದಲವಿಲ್ಲ. ಎಲ್ಲಿ ಯಾವುದು ಎಂದು ಅದಕ್ಕೆ ಚೆನ್ನಾಗಿ ಗೊತ್ತು. ಇಷ್ಟು ಬಲ್ಲ ಮಗುವಿಗೆ ಹೊಸ ವಿಷಯವನ್ನು ಹೇಳಿಕೊಡುವಾಗ ಯಾವ ನುಡಿಯಿಂದ ಶುರು ಮಾಡಬೇಕು ಎಂಬುದೇ ಪ್ರಶ್ನೆ.

2012ರಲ್ಲಿ ಸರ್ಕಾರ ಮನೆಮಾತು ಎಂದಿತು. ಮೂರನೇ ತರಗತಿಯವರೆಗೆ ತಾಯ್ನುಡಿಯಲ್ಲಿ ಪಾಠ, ಆಮೇಲೆ ನಿಧಾನಕ್ಕೆ ಫಿಲಿಪಿನೊ ಮತ್ತು ಇಂಗ್ಲಿಷ್. ಸೆಬುವಾನೊ ಸೇರಿ 19 ನುಡಿಗಳಿಗೆ ಅವಕಾಶ ಸಿಕ್ಕಿತು. ಆದರೆ ಪುಸ್ತಕ ಸಾಲಲಿಲ್ಲ, ಶಿಕ್ಷಕರಿಗೆ ತರಬೇತಿ ಸಾಲಲಿಲ್ಲ. ಒಂದೇ ತರಗತಿಯಲ್ಲಿ ಹಲವು ಮನೆಮಾತಿನ ಮಕ್ಕಳು ಸೇರಿದಲ್ಲಿ ಕೆಲಸ ಇನ್ನೂ ಕಷ್ಟವಾಯಿತು. 2024ರ ಅಕ್ಟೋಬರ್‌ನಲ್ಲಿ ಹೊಸ ಕಾಯ್ದೆ ಬಂತು. ಪಾಠದ ಮಾಧ್ಯಮ ಮತ್ತೆ ಫಿಲಿಪಿನೊ ಮತ್ತು ಇಂಗ್ಲಿಷ್ ಆಯಿತು, ಪ್ರಾದೇಶಿಕ ನುಡಿ ಪೂರಕವಾಗಿ ಉಳಿಯಿತು. ತರಗತಿಯ ಎಲ್ಲ ಮಕ್ಕಳೂ ಒಂದೇ ಮನೆಮಾತಿನವರಾದರೆ ಮಾತ್ರ, ಶಾಲೆ ಬಯಸಿದಲ್ಲಿ, ತಾಯ್ನುಡಿ ಮಾಧ್ಯಮ ಇಟ್ಟುಕೊಳ್ಳಬಹುದು.

ಕನ್ನಡಿಗರಿಗೆ ಈ ಜಗ್ಗಾಟ ಅಪರಿಚಿತವಲ್ಲ. ಪ್ರಾಥಮಿಕ ಶಾಲೆಯಲ್ಲಿ ತಾಯ್ನುಡಿ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಹೇಳಿದ್ದು ಕರ್ನಾಟಕದ ಪ್ರಕರಣದಲ್ಲೇ. ಹಾದಿ ಬೇರೆಯಾದರೂ ಎರಡೂ ಕಡೆ ಬಂದು ನಿಂತದ್ದು ಒಂದೇ ಜಾಗದಲ್ಲಿ: ಕಾನೂನು ಕೈಬಿಟ್ಟ ಮೇಲೆ ಮನೆಮಾತಿನ ಭಾರವೆಲ್ಲ ಶಾಲೆ ಮತ್ತು ಪೋಷಕರ ಹೆಗಲಿಗೆ.

ಹೋಗುವವರಿಗೆ

ಮನಿಲಾದಿಂದ ದುಮಗೆತೆಗೆ ವಿಮಾನವಿದೆ. ನಿಲ್ದಾಣ ಸದ್ಯ ಪಕ್ಕದ ಸಿಬುಲಾನ್‌ನಲ್ಲಿದೆ. ಸೆಬು ದ್ವೀಪದ ದಕ್ಷಿಣ ತುದಿಯಿಂದ ಫೆರಿ ಹಿಡಿದು ಸಿಬುಲಾನ್ ಬಂದರಿಗೂ ಬರಬಹುದು. 1903ರಲ್ಲಿ ಕಟ್ಟಿದ ಸಿಲಿಮನ್ ಹಾಲ್ ಸಮುದ್ರಕ್ಕೆ ಹತ್ತಿರದಲ್ಲೇ ಇದ್ದು, ಈಗ ಅದರೊಳಗೆ ಮಾನವಶಾಸ್ತ್ರದ ವಸ್ತುಸಂಗ್ರಹಾಲಯವಿದೆ. ಆಗಸ್ಟ್ ಕೊನೆಯಲ್ಲಿ ಹೋದರೆ ಸಂಸ್ಥಾಪಕರ ದಿನದ ‘ಹಿಬಲಾಗ್’ ಉತ್ಸವ ಸಿಗುತ್ತದೆ. ಹಳೆಯ ವಿದ್ಯಾರ್ಥಿಗಳು ಲೋಕದ ಎಲ್ಲ ಮೂಲೆಗಳಿಂದ ಆಗ ಊರಿಗೆ ಬರುತ್ತಾರೆ. ಆಗಸ್ಟ್ ಇಡೀ ತಿಂಗಳು ದೇಶದ ಶಾಲೆಗಳಲ್ಲಿ ಭಾಷಾ ಮಾಸದ ಸಂಭ್ರಮವೂ ಇರುತ್ತದೆ.

ಸರ್ಕಾರಿ ಶಾಲೆ ಸುತ್ತೋಲೆಗೆ ಕಾಯಬೇಕು, ಪುಸ್ತಕಕ್ಕೆ ಕಾಯಬೇಕು. ಖಾಸಗಿ ಶಾಲೆಗೆ ಆ ಕಟ್ಟುಪಾಡು ಕಡಿಮೆ. ಯಾವ ಕಥೆ ಓದಿಸಬೇಕು, ಯಾವ ಟೀಚರನ್ನು ನೇಮಿಸಬೇಕು, ಮಗು ಮನೆಮಾತಿನಲ್ಲಿ ಕೊಟ್ಟ ಉತ್ತರವನ್ನು ಒಪ್ಪಬೇಕೋ ಬೇಡವೋ ಎಂಬುದನ್ನು ಅದು ತಾನೇ ತೀರ್ಮಾನಿಸಬಹುದು. ಪೋಷಕರು ಫೀಸು ಕೊಡುವುದು ಈ ಸ್ವಾತಂತ್ರ್ಯಕ್ಕೂ ಹೌದು. ಹಾಗಾಗಿ ದುಮಗೆತೆಯಂಥ ಊರಿನ ಖಾಸಗಿ ಶಾಲೆಗಳು ಬಿಸಾಯ ನುಡಿಯನ್ನು ಆಟದ ಬಯಲಿಗೆ ಬಿಡದೆ ಮೊದಲ ಮೂರು ತರಗತಿಗಳ ಒಳಗೆ ಕೂರಿಸಿಕೊಳ್ಳಬೇಕು. ಇಂಗ್ಲಿಷ್ ಕಲಿಸಬೇಕು, ಚೆನ್ನಾಗಿಯೇ ಕಲಿಸಬೇಕು. ಮಗುವಿಗೆ ಈಗಾಗಲೇ ಗೊತ್ತಿರುವುದರ ಮೇಲೆ ಅದನ್ನು ಕಟ್ಟಬೇಕು. ಸೇರಿಸಲು ಹೋದ ತಂದೆತಾಯಿಯೂ ಫೀಸೆಷ್ಟು, ರ‍್ಯಾಂಕೆಷ್ಟು ಎಂದು ಕೇಳುವ ಮೊದಲು ಇದೊಂದನ್ನು ಕೇಳಲಿ: ನಮ್ಮ ಮಗು ಮನೆಮಾತಿನಲ್ಲಿ ಪ್ರಶ್ನೆ ಕೇಳಿದರೆ ನಿಮ್ಮ ತರಗತಿಯಲ್ಲಿ ಉತ್ತರ ಸಿಗುತ್ತದೆಯೇ? ಸಿಗುತ್ತದೆ ಎನ್ನುವ ಶಾಲೆ ಸಿಕ್ಕರೆ ಅಲ್ಲೇ ಸೇರಿಸಲಿ.